ಆಟಕ್ಕೆ ಕಳಿಸುವ ಮುಂಚೆ ಒಂದು ಮಾತು ಕೇಳಿ

ಪ್ರಿಯ ಪೋಷಕರೇ, ನಮಸ್ಕಾರ.

ಮನೆಯಲ್ಲಿ ಬಂದೂಕಿದ್ದರೆ ಬೀಗ ಹಾಕಿಡಿ ಎಂದು ನಿಮ್ಮ ಮಕ್ಕಳ ಸರ್ಕಾರಿ ಶಾಲೆಯಿಂದ ವರ್ಷಕ್ಕೊಮ್ಮೆ ಸೂಚನೆ ಬರುತ್ತದೆ. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಅದನ್ನು ಕಳಿಸಲೇಬೇಕು. ಹತ್ತಾರು ಫಾರಂಗಳ ನಡುವೆ ಅದಕ್ಕೂ ಒಂದು ಟಿಕ್ ಹಾಕಿ ಮುಂದೆ ಹೋಗಿರುತ್ತೇವೆ. ಹೋದ ಸಭೆಯಲ್ಲಿ ಯಾರೋ ಕೇಳಿದರು, "ಮೇಡಂ, ನಮ್ಮವರಿಗೂ ಇದಕ್ಕೂ ಏನು ಸಂಬಂಧ?"

ಇದೆ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ಮಗು ಆಡಲು ಹೋಗುವ ಮನೆಯಲ್ಲಿ ಇರಬಹುದು. ಒಡವೆ ಕಳ್ಳತನದ ಭಯಕ್ಕೆ ನಮ್ಮವರೂ ಕೆಲವರು ಕೊಂಡಿದ್ದಾರೆ. ಕೊಡಗಿನ ಕಡೆಯವರಿಗಂತೂ ಕೋವಿ ಹೊಸದಲ್ಲ, ಆಯುಧಗಳ ಹಬ್ಬವಾದ ಕೈಲ್ ಪೊಳ್ದಿಗೆ ಅದಕ್ಕೆ ಪೂಜೆ ಮಾಡಿ ಬೆಳೆದವರು. 2020ರಲ್ಲಿ ಈ ದೇಶದ 1ರಿಂದ 19 ವರ್ಷದವರ ಸಾವಿಗೆ ರಸ್ತೆ ಅಪಘಾತವನ್ನೂ ಮೀರಿ ಬಂದೂಕೇ ಮೊದಲ ಕಾರಣವಾಯಿತು.

2001ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳುತ್ತೇನೆ. 8ರಿಂದ 12 ವರ್ಷದ ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟರು. ಒಂದು ಡ್ರಾಯರಿನಲ್ಲಿ ನೀರಿನ ಪಿಸ್ತೂಲು, ಇನ್ನೊಂದರಲ್ಲಿ ಗುಂಡು ಹಾರದಂತೆ ಮಾಡಿದ ನಿಜವಾದ ಪಿಸ್ತೂಲು. ನಿಜವಾದದ್ದು 48 ಹುಡುಗರ ಕಣ್ಣಿಗೆ ಬಿತ್ತು. 30 ಮಂದಿ ಕೈಗೆತ್ತಿಕೊಂಡರು, 16 ಮಂದಿ ಟ್ರಿಗರ್ ಎಳೆದರು. ಮುಟ್ಟಿದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬಂದೂಕಿನ ಬಗ್ಗೆ ಮೊದಲೇ ಬುದ್ಧಿ ಹೇಳಿಯಾಗಿತ್ತು. "ನಮ್ಮ ಮಗನಿಗೆ ಹೇಳಿದ್ದೀವಿ, ಮುಟ್ಟಲ್ಲ" ಅನ್ನುವವರು ಇದನ್ನು ಎರಡು ಸಲ ಓದಿ. ಪಾಠ ಹೇಳುವುದೇ ಕಸುಬಾದ ನಾನೂ ಓದಿದೆ. ಇಲ್ಲಿ ಬುದ್ಧಿಮಾತಿಗಿಂತ ಬೀಗವನ್ನೇ ನಂಬಬೇಕು.

ಇಂಥ ಅಧ್ಯಯನಗಳು ಇನ್ನೂ ಬೇಕಾಗಿದ್ದವು. ಆದರೆ 1996ರಲ್ಲಿ ಅಮೆರಿಕದ ಸಂಸತ್ತು ಸಂಸದ ಜೇ ಡಿಕಿ ತಂದ ತಿದ್ದುಪಡಿಗೆ ಒಪ್ಪಿ, ರೋಗ ತಡೆಯುವ ಸರ್ಕಾರಿ ಸಂಸ್ಥೆ ಸಿಡಿಸಿಯ ಬಜೆಟ್ಟಿನಲ್ಲಿ 26 ಲಕ್ಷ ಡಾಲರನ್ನು ಈ ಸಂಶೋಧನೆಯಿಂದ ಕಿತ್ತು ಬೇರೆಡೆಗೆ ಹಾಕಿತು. ಮತ್ತೆ ಇದಕ್ಕೆಂದೇ ಹಣ ಬಂದದ್ದು 2020ರ ಬಜೆಟ್ಟಿನಲ್ಲಿ, ಸಿಡಿಸಿ ಮತ್ತು ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಎನ್‌ಐಎಚ್ ಎರಡಕ್ಕೂ ಸೇರಿ 2.5 ಕೋಟಿ ಡಾಲರ್. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಬೆಳೆದು ದೊಡ್ಡವರಾಗಿದ್ದರು. ಸಂಶೋಧನೆ ನಡೆಯಬೇಕು ಎಂದು 2012ರ ಹೊತ್ತಿಗೆ ಡಿಕಿಯವರೇ ಬರೆದರು. ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಸರ್ಜನ್ ಜನರಲ್ (ದೇಶದ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯ) ಆಗಿದ್ದಾಗ, 2024ರ ಜೂನ್‌ನಲ್ಲಿ, ಒಂದು ಅಧಿಕೃತ ಸಲಹೆ ಹೊರಡಿಸಿ, ಬಂದೂಕು ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಘೋಷಿಸಿದರು. 2025ರಲ್ಲಿ ಆ ಸಲಹೆಯನ್ನು ಸರ್ಕಾರಿ ಜಾಲತಾಣದಿಂದ ತೆಗೆದುಹಾಕಲಾಯಿತು. ತೆರಿಗೆ ಕಟ್ಟುವವರು ನಾವು. ಇದನ್ನು ನಿಮ್ಮ ಪ್ರತಿನಿಧಿಗೆ ಕೇಳುವುದರಲ್ಲಿ ತಪ್ಪಿಲ್ಲ.

ಈಗ ಮನೆಯ ಮಾತು. ಬಂದೂಕಿದ್ದರೆ ಗುಂಡು ತೆಗೆದು, ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಬೀಗದಲ್ಲಿಡಿ. ಬೀಗದಕೈ ಮಕ್ಕಳಿಗೆ ಗೊತ್ತಿರುವ ಜಾಗದಲ್ಲಿ ಬೇಡ. ಅನೇಕ ಪೊಲೀಸ್ ಠಾಣೆಗಳಲ್ಲಿ ಕೇಬಲ್ ಲಾಕ್ ಪುಕ್ಕಟೆ ಸಿಗುತ್ತದೆ. ಹದಿಹರೆಯದ ಮಗ ಅಥವಾ ಮಗಳು ಮಂಕಾಗಿದ್ದರೆ ಸದ್ಯಕ್ಕೆ ಬಂದೂಕು ಮನೆಯಲ್ಲೇ ಇರದಿರುವುದು ಒಳ್ಳೆಯದು. ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಇನ್ನೊಬ್ಬರ ಮನೆಗೆ ಕಳಿಸುವಾಗ ಕಡಲೆಕಾಯಿ ಅಲರ್ಜಿ ಹೇಳುತ್ತೇವೆ, ನಾಯಿ ಇದೆಯಾ ಕೇಳುತ್ತೇವೆ. ಅದೇ ಉಸಿರಿನಲ್ಲಿ "ಗನ್ ಇದೆಯಾ, ಲಾಕ್ ಮಾಡಿದೀರಾ?" ಅಂತಲೂ ಕೇಳಿ. ಬಾಯಲ್ಲಿ ಕೇಳಲು ಸಂಕೋಚವಾದರೆ ಮೆಸೇಜ್ ಮಾಡಿ. ಹೇಗೆ ಕೇಳುವುದೆಂದು ತೋಚದಿದ್ದವರು ಮುಂದಿನ ಭಾನುವಾರ ತರಗತಿ ಬಿಟ್ಟ ಮೇಲೆ ಸಿಗಿ, ಕಾಫಿ ಕುಡಿಯುತ್ತಾ ಮಾತಾಡೋಣ.

ವಂದನೆಗಳೊಂದಿಗೆ,
ಮುಖ್ಯ ಶಿಕ್ಷಕಿ
ಭಾನುವಾರದ ಕನ್ನಡ ಶಾಲೆ