ಮಾಂತ್ರಿಕನಿಗೆ ಏಳು ಮಂಜೊಟ್ಟಿ ಕಾಳು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಉಂಟು ಮಾರಾಯ. ಒಬ್ಬ ಕಥೆ ಹೇಳಿ ಉಳಿದವ್ರು ಪಾತ್ರ ಆಗಿ ಆಡುವ ನಮ್ಮ ಆಟ ಉಂಟಲ್ಲ, ಅದ್ರಲ್ಲಿ ಸ್ಪೆಲ್ ಲಿಸ್ಟ್, ಅಂದ್ರೆ ಮಂತ್ರಗಳ ಪಟ್ಟಿ, ಇಲ್ಲದೆ ಮಾಂತ್ರಿಕನನ್ನು ಆಡಿಸ್ಲಿಕ್ಕೆ ಆಗ್ತದಾ, ಆಗುದಾದ್ರೆ ಆಟ ಕೈತಪ್ಪಿ ಹೋಗದ ಹಾಗೆ ನೋಡಿಕೊಳ್ಳುದು ಹೇಗೆ ಅಂತ. ಅಷ್ಟೊತ್ತಿಗೆ ಇಲ್ಲಿ ಪೆರ್ಲದಲ್ಲಿ ಗಾಳಿಮಳೆ ಬಂದು ಕರೆಂಟು ಹೋಯ್ತು, ಅದರ ಹಿಂದೆ ನೆಟ್‌ವರ್ಕೂ ಹೋಯ್ತು, ಮಾತು ಅರ್ಧಕ್ಕೇ ನಿಂತಿತು. ಹಾಗಾಗಿ ಬರೀತಾ ಇದ್ದೇನೆ. ನಮ್ಮ ಹಾಗೆ ಕನ್ನಡದಲ್ಲಿ ಆಡುವವ್ರು ಬೇರೆ ಕಡೆಯೂ ಇರ್ಬಹುದು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕ್ತೇನೆ, ಬೇಜಾರಿಲ್ಲ ಅಲ್ವಾ.

ನಾವು ಸುರು ಮಾಡಿದ್ದು ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಐದನೇ ಎಡಿಷನ್‌ನಲ್ಲಿ, ನಿಂಗೆ ಗೊತ್ತುಂಟು. ಅದ್ರಲ್ಲಿ ಲೆಕ್ಕ ಚೊಕ್ಕ. ಐದನೇ ಲೆವೆಲಿನ ವಿಜರ್ಡ್‌ಗೆ, ಅಂದ್ರೆ ಮಾಂತ್ರಿಕನಿಗೆ, ಮೂರನೇ ಲೆವೆಲಿನ ಸ್ಲಾಟ್ ಎರಡು, ಅಷ್ಟು ದೊಡ್ಡ ಮಂತ್ರ ಎರಡೇ ಸಲ ಹಾಕ್ಬಹುದು ಅಂತ, ಫೈರ್‌ಬಾಲ್ ಹಾಕಿದ್ರೆ ಬಿದ್ದ ಜಾಗದಿಂದ ಸುತ್ತ 20 ಅಡಿ ಬೆಂಕಿ, ಪೆಟ್ಟು ಎಷ್ಟು ಅಂತ ನೋಡ್ಲಿಕ್ಕೆ 8 ದಾಳ. ಆದ್ರೆ ನಾನು ಇಲ್ಲಿ ಕಷ್ಟಪಟ್ಟು ಒಂದು ತೂಗುಸೇತುವೆ ವರ್ಣನೆ ಮಾಡ್ತಾ ಇರುವಾಗ ಭಾವ ಮಂತ್ರ ಬರೆದ ಕಾಗದ ನೋಡ್ತಾ ಇರ್ತಾನೆ, ಇದಕ್ಕೆ ಸರಿಯಾದ್ದು ಯಾವುದು ಉಂಟು ಅಂತ. ಸೇತುವೆ ಅವನ ಕಣ್ಣಿಗೆ ಬೀಳುದೇ ಇಲ್ಲ.

ಹಾಗಂತ ಲಿಸ್ಟ್ ಬದಿಗಿಟ್ಟು "ಬೇಕಾದ್ದು ಹೇಳಿ, ನಾನು ನೋಡ್ಕೊಳ್ತೇನೆ" ಅಂದೆ. ಅದು ಇನ್ನೂ ಕೆಟ್ಟದಾಯ್ತು. ಬಾಯಿ ಜೋರಿದ್ದವನದ್ದೇ ಮಂತ್ರ. ಅಣ್ಣನ ಮಗಳು, ಒಂಬತ್ತನೇ ಕ್ಲಾಸು, ಎರಡು ಗಂಟೆ ಕೂತವಳು ಒಂದು ಮಾತಾಡ್ಲಿಲ್ಲ. ಅವಳನ್ನು ಆಟಕ್ಕೆ ಕರೆದವನೇ ನಾನು, ಆ ರಾತ್ರಿ ನಿದ್ದೆ ಸರಿ ಬರ್ಲಿಲ್ಲ.

ದಾರಿ ಸಿಕ್ಕಿದ್ದು ತಾಳಮದ್ದಳೆಯಲ್ಲಿ, ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ ಉಂಟಲ್ಲ, ಅದ್ರಲ್ಲಿ. ಊರ ದೇವಸ್ಥಾನದಲ್ಲಿ ಕೃಷ್ಣಸಂಧಾನ ಇತ್ತು, ನಾವಿಬ್ರು ಚಿಕ್ಕವರಿರುವಾಗ ಚಾಪೆಯಲ್ಲಿ ನಿದ್ದೆ ಹೋಗ್ತಾ ಕೇಳಿದ್ದೇ. ಕೌರವನ ಅರ್ಥ, ಅಂದ್ರೆ ಅವನ ಮಾತು, ಹೇಳಿದವ್ರು ಅವತ್ತು ಹೊಸದೇ ಒಂದು ವಾದ ಹೂಡಿದ್ರು, ಕೃಷ್ಣ ಒಂದು ಕ್ಷಣ ಸುಮ್ಮನಾದ, ಸಭೆಯೇ ಮುಂದೆ ಬಗ್ಗಿ ಕೂತಿತು. ಅಲ್ಲಿ ಮಾತು ಪೂರಾ ಆಗಿಂದಾಗ್ಗೆ ಹುಟ್ಟುದು, ಬರೆದಿಟ್ಟದ್ದಲ್ಲ. ಆದ್ರೆ ಭಾಗವತರು ಹಾಡಿದ ಪದ ದಾಟ್ಲಿಕ್ಕಿಲ್ಲ, ಎಷ್ಟು ವಾದ ಮಾಡಿದ್ರೂ ಸಂಧಾನ ಮುರೀಲೇಬೇಕು. ಪದ ಗಟ್ಟಿ, ಅರ್ಥ ಸಡಿಲ. ನಾನು ಆಟದಿಂದ ತೆಗೆದು ಹಾಕಿದ್ದು ಪದವನ್ನೇ ಅಂತ ಅಲ್ಲಿ ಕೂತಲ್ಲೇ ಹೊಳೀತು.

ಹಾಗಾದ್ರೆ ಮಾಂತ್ರಿಕನಿಗೆ ಪದ ಯಾವುದು? 1987ರಲ್ಲಿ ಬಂದ ಆರ್ಸ್ ಮ್ಯಾಜಿಕಾ ಅಂತ ಒಂದು ಆಟ ಉಂಟು, ಅದ್ರಲ್ಲಿ ಲ್ಯಾಟಿನ್‌ನ ಐದು ಕ್ರಿಯಾಪದ, ಹತ್ತು ನಾಮಪದ, ಜೋಡಿಸಿದ್ರೆ 50 ಥರ. ಕ್ರೆಯೊ ಇಗ್ನೆಂ ಅಂದ್ರೆ ಬೆಂಕಿಯನ್ನು ಹುಟ್ಟಿಸುದು. ಇದನ್ನು ಓದ್ತಾ ಒಂದು ವಿಷ್ಯ ನೋಡಿದೆ, ಆ ಹತ್ತು ನಾಮಪದವೂ ದ್ವಿತೀಯಾ ವಿಭಕ್ತಿಯಲ್ಲೇ ನಿಂತಿವೆ, ನಮ್ಮ "ಅನ್ನು" ಉಂಟಲ್ಲ, ಅದು. ಬಾಕಿ ವಿಭಕ್ತಿ ಎಲ್ಲ ಎಂತಕ್ಕೆ ಬಿಡ್ಬೇಕು ಅಂತ ಅನಿಸಿತು.

ಈಗ ನಮ್ಮದು ಹೀಗೆ. ಮಾಡು, ಮುರಿ, ಕಟ್ಟು, ತಿಳಿ, ಕೊಡು. ಕಲ್ಲು, ನೀರು, ಬೆಂಕಿ, ಗಾಳಿ, ಮೈ, ಮನಸ್ಸು. ಮಧ್ಯದಲ್ಲಿ ನಾಲ್ಕು ಪ್ರತ್ಯಯ. ಕಲ್ಲನ್ನು ಮುರಿ ಅಂದ್ರೆ ಎದುರಿನ ಕಲ್ಲು ಒಡೀತದೆ, ಅಷ್ಟೇ, ಆ ಮಂತ್ರದ ಬೆಲೆ ಒಂದು ಕಾಳು. ಕಲ್ಲಿಂದ ಅಂದ್ರೆ ಕಲ್ಲು ನಿನ್ನ ಹತ್ಯಾರು ಆಯ್ತು, ಎರಡು ಕಾಳು. ನೀರಲ್ಲಿ ಕಟ್ಟು ಅಂದ್ರೆ ಆ ಜಾಗದಲ್ಲಿ ಮಂತ್ರ ನಿಂತುಕೊಳ್ತದೆ, ಬೆಳಗಾಗುವ ತನಕ, ಅದಕ್ಕೂ ಎರಡು. "ಗೆ" ಮಾತ್ರ ಮೂರು, ಯಾಕಂದ್ರೆ ಕಲ್ಲಿಗೆ ಕಣ್ಣು ಕೊಡ್ಬೇಕಾದ್ರೆ ಅದು ನಿನ್ನ ಕಣ್ಣೇ ಆಗ್ಬೇಕು, ಕಲ್ಲು ನೋಡುವಷ್ಟು ಹೊತ್ತು ನಿಂಗೆ ಕತ್ತಲೆ. ಒಟ್ಟು 120 ಜೋಡಿ ಆಗ್ತದೆ. "ಬೆಂಕಿಗೆ ತಿಳಿ" ಅಂದ್ರೆ ಎಂತ ಅಂತ ನಂಗೂ ಗೊತ್ತಿಲ್ಲ, ಹೇಳಿದವ ಅರ್ಥ ಹೇಳ್ಬೇಕು, ಭಾಗವತಿಕೆ ನನ್ನದು. ಪಕ್ಕದ್ಮನೆಯವ ಮನೆಯಲ್ಲಿ ಮಾತಾಡುದು ಮಲಯಾಳ, ಅವ ವೆಳ್ಳತ್ತೆ, ವೆಳ್ಳತ್ತಿಲ್ ಅಂತ ಹೇಳಿದ್ರೂ ನಡೀತದೆ, ತುಳುವಿನಲ್ಲಿ ನೀರ್‌ಗ್, ನೀರ್‌ಡ್ ಅಂದ್ರೂ ನಡೀತದೆ, ಮೂರು ಭಾಷೆಗೂ ಪ್ರತ್ಯಯ ಬಾಲದಲ್ಲೇ ಉಂಟಲ್ಲ. ಇದು ನಂಗೆ ತುಂಬ ಖುಷಿ ಕೊಟ್ಟ ವಿಷ್ಯ.

ಕಾಳು ಅಂದ್ರೆ ಮಂಜೊಟ್ಟಿ, ಆ ಕೆಂಪು ಬೀಜ. ಅಮ್ಮ ಆಟಿ ತಿಂಗಳಲ್ಲಿ ಮಾತ್ರ ಅಟ್ಟದಿಂದ ಇಳಿಸುವ ಚೆನ್ನೆಮಣೆಯದ್ದು, ಅಳಗುಳಿಮಣೆ ಅಂತಾರಲ್ಲ ಅದು, ಕೇಳಿ ತಗೊಂಡೆ. ಮಣೆಯ ಒಂದು ಸಾಲಿಗೆ ಏಳು ಗುಳಿ, ಹಾಗಾಗಿ ಒಬ್ಬೊಬ್ರಿಗೆ ಏಳೇಳು ಕಾಳು, ಮಲಗಿ ಎದ್ದ ಮೇಲೆ ವಾಪಾಸ್. ಆರು ಮುಖದ ಎರಡು ದಾಳ ಹಾಳೆ ತಟ್ಟೆಯಲ್ಲಿ ಹಾಕುದು, ಜಗಲಿಯಿಂದ ಅಂಗಳಕ್ಕೆ ಉರುಳ್ಳಿಕ್ಕಿಲ್ಲ. 10 ಅಥವಾ ಮೇಲೆ ಬಂದ್ರೆ ಹೇಳಿದ ಹಾಗೇ ಆಗ್ತದೆ, 7ರಿಂದ 9 ಬಂದ್ರೆ ಆಗ್ತದೆ ಆದ್ರೆ ಎಂತಾದ್ರೂ ಕಳ್ಕೊಳ್ಬೇಕು, 6 ಅಥವಾ ಕಮ್ಮಿ ಬಂದ್ರೆ ಮುಂದಿನ ಮಾತು ನನ್ನದು. ಎರಡು ದಾಳ ಬೀಳುವ 36 ರೀತಿಯಲ್ಲಿ ಪೂರ್ತಿ ಗೆಲುವು 6 ಸಲ ಮಾತ್ರ, ಸೋಲು 15. ಇನ್ನೊಂದು ಕಾಳು ಜಾಸ್ತಿ ಇಟ್ರೆ ದಾಳಕ್ಕೆ ಒಂದು ಕೂಡ್ತದೆ, ಆಗ ಗೆಲುವು 10, ಸೋಲು 10. ಒಂದೇ ಒಂದು ಕಾಳಿಗೆ ಇಷ್ಟು ವ್ಯತ್ಯಾಸ, ಅದಕ್ಕೇ ಎಲ್ರೂ ಬೆರಳಲ್ಲಿ ಅದನ್ನು ತಿರುಗಿಸ್ತಾ ಯೋಚನೆ ಮಾಡುದು.

ಕಳೆದ ಆದಿತ್ಯವಾರ ಆಟದಲ್ಲಿ ಎಲ್ರನ್ನೂ ಸುರಂಗದೊಳಗೆ ಇಳಿಸಿದೆ, ನಮ್ಮ ಅಜ್ಜನ ಮನೆಯ ಗುಡ್ಡದಲ್ಲಿ ಉಂಟಲ್ಲ, ಮುರಕಲ್ಲಿನಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದದ್ದು, ಆ ಥರದ್ದೇ. ಕೈಯಲ್ಲಿ ಒಂದು ಕ್ಯಾಂಡಲ್, ಅದು ನಂದಿದ್ರೆ ಒಳಗೆ ಉಸಿರಿಲ್ಲ ಅಂತ ಅರ್ಥ. ಎದುರು ದಾರಿ ಮುಚ್ಚಿದೆ. ಭಾವ ಕಲ್ಲನ್ನು ಮುರಿ ಅನ್ಲಿಕ್ಕೆ ಕಾಳು ಎತ್ತಿದ್ದ, ಮೇಲಿನ ಮಣ್ಣಿನ ನೆನಪಾಗಿ ಕೈ ಹಿಂದೆ ತಗೊಂಡ. ಆಗ ಅಣ್ಣನ ಮಗಳು ಎರಡು ಕಾಳು ಮುಂದೆ ಇಟ್ಟು, ಮತ್ತೆ ಒಂದು ಇಟ್ಟು, ಮೆಲ್ಲ ಹೇಳಿದ್ಲು, "ಕಲ್ಲಿಂದ ತಿಳಿ." ಎಂತ ತಿಳೀಬೇಕು ಅಂದೆ. ಕೊರೆದವ ಪಿಕ್ಕಾಸು ಎತ್ತಿ ಹೊಡೆದ ಗುರುತು ಕಲ್ಲಿಗೆ ನೆನಪಿರ್ತದಲ್ಲ ಚಿಕ್ಕಪ್ಪ, ಅವ ಕೊನೆಗೆ ಯಾವ ದಿಕ್ಕಿಗೆ ತಿರುಗಿದ್ದ ಅಂತ ಕೇಳ್ತೇನೆ ಅಂದ್ಲು.

ದಾಳದಲ್ಲಿ 3, 4. ಒಂದು ಕೂಡಿಸಿ 8. ಕಲ್ಲು ಹೇಳಿತು, ಎಡಕ್ಕೆ ಕವಲು ಉಂಟು, ಅದರ ಕೊನೆಗೆ ಮೇಲಿಂದ ಗಾಳಿಗುಂಡಿ. ಆದ್ರೆ ಕಲ್ಲು ಮಾತಾಡುದು ಕಲ್ಲಿನ ನಿಧಾನದಲ್ಲಿ, ಅಷ್ಟೊತ್ತಿಗೆ ಕ್ಯಾಂಡಲ್ ನಂದಿತು. ಕತ್ತಲೆಯಲ್ಲಿ ಅವಳ ಹಿಂದೆ ಹಿಂದೆ ನಾಲ್ಕೂ ಜನ ತೆವಳಿದ್ರು. ಭಾವ ಕಾಗದ ನೋಡ್ಲೇ ಇಲ್ಲ.

ಒಂದು ಗಂಟು ಬಾಕಿ ಉಂಟು, ಅದನ್ನು ನೀನೇ ಬಿಡಿಸ್ಬೇಕು. ಷಷ್ಠಿ ವಿಭಕ್ತಿ, ನಮ್ಮ "ಅ" ಪ್ರತ್ಯಯ. ಅಣ್ಣನ ಮಗಳು ಈಗ "ನೀರಿನ ಮನಸ್ಸನ್ನು ತಿಳಿ" ಅಂತ ಎರಡು ನಾಮಪದ ಪೋಣಿಸ್ತಾ ಇದ್ದಾಳೆ, ಬೇಡ ಅನ್ಲಿಕ್ಕೆ ಮನಸ್ಸು ಬರುದಿಲ್ಲ, ಆದ್ರೆ ಒಂದೇ ಕಾಳಿಗೆ ಅಷ್ಟು ಕೊಡ್ಲಿಕ್ಕೂ ಆಗುದಿಲ್ಲ. ನಾನು ನಾಲ್ಕು ಅಂತೇನೆ, ಭಾವ ಎರಡು ಸಾಕು ಅಂತಾನೆ. ನಿನ್ನ ಟೇಬಲಿನಲ್ಲಿ ಒಂದು ಸಲ ಆಡಿಸಿ ನೋಡಿ ಹೇಳು. ದೀಪಾವಳಿಗೆ ಬರುವಾಗ ಎರಡು ಜೊತೆ ದಾಳ ತಾ, ಇಲ್ಲಿ ಇದ್ದದ್ರಲ್ಲಿ ಒಂದರ ಚುಕ್ಕಿ ಅಳಿಸಿ ಹೋಗಿದೆ.

ಇಂತಿ ನಿನ್ನ ಗೆಳೆಯ