ಕುಡಿಯುವ ನೀರಿನ ಮಾನದಂಡಕ್ಕೆ ಪಿಎಫ್‌ಎಎಸ್ ಮಿತಿ ಸೇರಲಿ

ಸಂಪಾದಕರಿಗೆ,

ಮಾನ್ಯರೇ,

ಇಟಲಿಯ ವಿಚೆಂಜಾ ನ್ಯಾಯಾಲಯವು 2025ರ ಜೂನ್‌ನಲ್ಲಿ, ಕುಡಿಯುವ ನೀರನ್ನು ವಿಷಮಯಗೊಳಿಸಿದ ಪ್ರಕರಣದಲ್ಲಿ ಮಿತೆನಿ ಎಂಬ ರಾಸಾಯನಿಕ ಕಾರ್ಖಾನೆಗೆ ಸಂಬಂಧಿಸಿದ 11 ಮಂದಿಗೆ ಒಟ್ಟು 141 ವರ್ಷಗಳ ಸೆರೆವಾಸ ವಿಧಿಸಿತು. ತ್ರಿಸ್ಸಿನೊ ಎಂಬ ಸಣ್ಣ ಪಟ್ಟಣದಲ್ಲಿ 1960ರ ದಶಕದಿಂದ ನಡೆಯುತ್ತಿದ್ದ ಈ ಕಾರ್ಖಾನೆಯಿಂದ ಸೋರಿದ, ಸುಲಭವಾಗಿ ಒಡೆಯದ ಪಿಎಫ್‌ಎಎಸ್ ಎಂಬ ಗುಂಪಿನ ಮಾನವನಿರ್ಮಿತ ಫ್ಲೋರಿನ್ ರಾಸಾಯನಿಕಗಳು ಅಂತರ್ಜಲಕ್ಕಿಳಿದು, ವಿಚೆಂಜಾ, ವೆರೋನಾ ಮತ್ತು ಪಾದುವಾ ಪ್ರಾಂತ್ಯಗಳ ಸುಮಾರು ಮೂರೂವರೆ ಲಕ್ಷ ಜನರ ನೀರಿನ ಮೂಲವನ್ನು ಕೆಡಿಸಿದ್ದವು. ನೀರಿಗೆ ಬಣ್ಣವಿರಲಿಲ್ಲ, ವಾಸನೆಯಿರಲಿಲ್ಲ, ರುಚಿಯೂ ಬದಲಾಗಿರಲಿಲ್ಲ. 2013ರಲ್ಲಿ ವಿಷಯ ಬಹಿರಂಗವಾಗಿ, ಆಮೇಲೆ ಮಕ್ಕಳ ರಕ್ತ ಪರೀಕ್ಷೆಯ ವರದಿಗಳು ಕೈಸೇರಿದಾಗ ಅಲ್ಲಿನ ತಾಯಂದಿರು ಸಂಘಟಿತರಾಗಿ ವರ್ಷಗಟ್ಟಲೆ ಹೋರಾಡಿದ್ದರಿಂದ ಪ್ರಕರಣವು ಈ ತೀರ್ಪಿನವರೆಗೆ ಬಂದಿತು.

ದೂರದ ಇಟಲಿಯ ಸಂಗತಿ ನಮಗೇಕೆ ಎಂದು ಕೇಳುವಂತಿಲ್ಲ. 2018ರಲ್ಲಿ ದಿವಾಳಿಯಾದ ಆ ಕಾರ್ಖಾನೆಯ ಯಂತ್ರೋಪಕರಣಗಳು ಮತ್ತು ಪೇಟೆಂಟ್‌ಗಳು ಭಾರತೀಯ ಕಂಪನಿಯೊಂದರ ಪಾಲಾಗಿ, ಕೊಂಕಣ ಕರಾವಳಿಯ ರತ್ನಗಿರಿ ಜಿಲ್ಲೆಯ ಲೋಟೆ ಪರಶುರಾಮ ಕೈಗಾರಿಕಾ ಪ್ರದೇಶಕ್ಕೆ ಬಂದಿವೆ. ಅಲ್ಲಿ ನೀರು ಕೆಟ್ಟಿದೆ ಎಂದು ಆರೋಪಿಸುವುದು ನನ್ನ ಉದ್ದೇಶವಲ್ಲ. ಕೆಟ್ಟರೂ ಅದನ್ನು ಕೆಟ್ಟಿದೆ ಎಂದು ಕರೆಯಲು ಬೇಕಾದ ಅಳತೆಗೋಲೇ ನಮ್ಮ ದೇಶದಲ್ಲಿ ಇಲ್ಲವೆಂಬುದು ನನ್ನನ್ನು ಕಾಡುತ್ತಿದೆ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪ್ರಕಟಿಸಿದ, ಕುಡಿಯುವ ನೀರಿಗೆ ಸಂಬಂಧಿಸಿದ ಐಎಸ್ 10500 ಮಾನದಂಡದಲ್ಲಿ ಆರ್ಸೆನಿಕ್, ಸೀಸ, ಫ್ಲೋರೈಡ್, ನೈಟ್ರೇಟ್, ಹಲವು ಕೀಟನಾಶಕಗಳಿಗೆ ಮಿತಿಗಳಿವೆ, ಪಿಎಫ್‌ಎಎಸ್‌ಗೆ ಇಲ್ಲ. ಮಿತಿಯಿಲ್ಲದ ವಸ್ತುವನ್ನು ಯಾವ ಪ್ರಯೋಗಾಲಯವೂ ಕಡ್ಡಾಯವಾಗಿ ಹುಡುಕುವುದಿಲ್ಲ, ಹುಡುಕದಿದ್ದ ಮೇಲೆ ಅದು ವರದಿಯಲ್ಲಿ ಕಾಣಿಸಿಕೊಳ್ಳುವ ಮಾತೇ ಇಲ್ಲ.

ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಡಿಸಿಕೊಂಡ ನಮ್ಮ ಕೋಲಾರ ಜಿಲ್ಲೆಯವರು ಫ್ಲೋರೈಡ್ ಮತ್ತು ಪಿಎಫ್‌ಎಎಸ್ ಎರಡನ್ನೂ ಒಂದೇ ಎಂದುಕೊಳ್ಳಬಾರದು. ಫ್ಲೋರೈಡ್ ಬಂಡೆಯಿಂದ ನೀರಿಗಿಳಿಯುವ ನೈಸರ್ಗಿಕ ಲವಣ. ಪಿಎಫ್‌ಎಎಸ್ ಮನುಷ್ಯನೇ ಸೃಷ್ಟಿಸಿದ್ದು. ಇಂಗಾಲ ಮತ್ತು ಫ್ಲೋರಿನ್ ಪರಮಾಣುಗಳ ನಡುವಿನ ಬಂಧ ಅತ್ಯಂತ ಬಲವಾದದ್ದಾದ್ದರಿಂದ ಬಿಸಿಲು, ಮಳೆ, ಸೂಕ್ಷ್ಮಜೀವಿಗಳು ಯಾವುವೂ ಅದನ್ನು ಸುಲಭವಾಗಿ ಒಡೆಯಲಾರವು. ಅಂಟದ ಬಾಣಲೆ, ನೀರು ಹೀರದ ಬಟ್ಟೆ, ವಿಮಾನ ನಿಲ್ದಾಣಗಳಲ್ಲಿ ಬೆಂಕಿ ನಂದಿಸುವ ನೊರೆ, ಕ್ರೋಮ್ ಲೇಪನ ಹೀಗೆ ಇದರ ಬಳಕೆ ವ್ಯಾಪಕ. ಈ ಗುಂಪಿನ ಪಿಎಫ್‌ಒಎ ದೇಹದೊಳಗೆ ಹೋದರೆ ಅದರ ಅರ್ಧದಷ್ಟು ಹೊರಹೋಗಲೇ ಎರಡರಿಂದ ನಾಲ್ಕು ವರ್ಷ ಬೇಕು. ಪಿಎಫ್‌ಒಎಯಿಂದ ಕುಡಿಯುವ ನೀರು ಕೆಟ್ಟಿದ್ದ ಅಮೆರಿಕದ ಪಾರ್ಕರ್ಸ್‌ಬರ್ಗ್ ಸುತ್ತಮುತ್ತ ಸುಮಾರು 69,000 ಜನರ ರಕ್ತದ ಮಾದರಿ ಸಂಗ್ರಹಿಸಿ ನಡೆಸಿದ ಅಧ್ಯಯನದ ಆಧಾರದಲ್ಲಿ, ತಜ್ಞರ ಸಮಿತಿಯು 2012ರ ವೇಳೆಗೆ ಮೂತ್ರಪಿಂಡ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ಗರ್ಭಿಣಿಯರ ರಕ್ತದೊತ್ತಡ ಸೇರಿ ಆರು ತೊಂದರೆಗಳೊಂದಿಗೆ ಇದಕ್ಕೆ ಸಂಭವನೀಯ ಸಂಬಂಧವಿದೆ ಎಂದು ತೀರ್ಮಾನಿಸಿತು. 2023ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಪಿಎಫ್‌ಒಎಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ದರ್ಜೆಗೆ ಸೇರಿಸಿತು. 2024ರಲ್ಲಿ ಅಮೆರಿಕ ಕುಡಿಯುವ ನೀರಿನಲ್ಲಿ ಅದಕ್ಕೆ ನಿಗದಿಪಡಿಸಿದ ಮಿತಿ ಲೀಟರಿಗೆ 4 ನ್ಯಾನೊಗ್ರಾಂ, ಅಂದರೆ ಒಂದು ಗ್ರಾಂನ ನೂರು ಕೋಟಿ ಪಾಲುಗಳಲ್ಲಿ ನಾಲ್ಕು ಪಾಲು ಮಾತ್ರ.

ನೀರನ್ನು ಕಾಯಿಸಿ ಆರಿಸಿ ಕುಡಿಯುವುದು ನಮ್ಮ ಮನೆಗಳಲ್ಲಿ ಹಿರಿಯರಿಂದ ಬಂದ ಒಳ್ಳೆಯ ಅಭ್ಯಾಸ, ರೋಗಾಣುಗಳ ಮಟ್ಟಿಗೆ ಅದು ಇಂದಿಗೂ ಸರಿ. ಆದರೆ ಕುದಿಸುವುದರಿಂದ ಪಿಎಫ್‌ಎಎಸ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಆರ್‌ಒ ಯಂತ್ರ ಮತ್ತು ಸಕ್ರಿಯ ಇಂಗಾಲದ ಶೋಧಕಗಳು ಇದನ್ನು ಬಹುಮಟ್ಟಿಗೆ ತಡೆಯುತ್ತವೆಯಾದರೂ, ಇಂಗಾಲವನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಶೋಧಕವಿದ್ದೂ ಪ್ರಯೋಜನವಿಲ್ಲ. ಅಲ್ಲದೆ ಆರ್‌ಒ ಯಂತ್ರ ಹೊರಹಾಕುವ ನೀರು ಚರಂಡಿ ಸೇರಿ ಮತ್ತೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಯಂತ್ರ ಕೊಳ್ಳಲಾಗದ ಮನೆಗಳಿಗೆ ಇದು ಪರಿಹಾರವೂ ಅಲ್ಲ.

ನಮ್ಮ ಜಿಲ್ಲೆಯ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ತುರ್ತಿನದು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ, ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಆ ನೀರು ಇಂಗಿ ಕೊಳವೆಬಾವಿಗಳಿಗೆ ಸೇರಲಿ ಎಂಬುದೇ ಯೋಜನೆಯ ಆಶಯ. ಬತ್ತಿದ ಕೆರೆಗಳು ತುಂಬಿದ್ದನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಎರಡನೇ ಹಂತದ ಸಂಸ್ಕರಣೆ ಸಾವಯವ ಕಲ್ಮಶವನ್ನು ಕಳೆಯುವುದಕ್ಕೆ ರೂಪಿಸಿದ್ದೇ ಹೊರತು ಇಂಥ ರಾಸಾಯನಿಕಗಳನ್ನು ಹಿಡಿದಿಡುವುದಕ್ಕಲ್ಲ. ರೈತ ಸಂಘಟನೆಗಳು ಬಹುಕಾಲದಿಂದ ಕೇಳುತ್ತಿರುವ ಮೂರನೇ ಹಂತದ ಸಂಸ್ಕರಣೆ ಕೂಡ ಮರಳಿನ ಶೋಧನೆ ಮತ್ತು ಕ್ಲೋರಿನ್‌ಗೆ ಸೀಮಿತವಾದರೆ ಪಿಎಫ್‌ಎಎಸ್ ದಾಟಿಕೊಂಡೇ ಬರುತ್ತದೆ. ಆದ್ದರಿಂದ ಆ ಬೇಡಿಕೆಯನ್ನು ಮುಂದಿಡುವವರು ಸಕ್ರಿಯ ಇಂಗಾಲದ ಶೋಧನೆಯನ್ನೂ ಅದರಲ್ಲಿ ಸೇರಿಸುವುದು ಸೂಕ್ತ.

ಪಿಎಫ್‌ಒಎಯನ್ನು 2019ರಲ್ಲಿ ನಿರ್ಮೂಲನಾ ಪಟ್ಟಿಗೆ ಸೇರಿಸಿದ, ದೀರ್ಘಕಾಲ ಉಳಿಯುವ ವಿಷಕಾರಿ ರಾಸಾಯನಿಕಗಳ ನಿಯಂತ್ರಣಕ್ಕಾಗಿರುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಭಾರತವೂ ಸದಸ್ಯ ದೇಶ. ಮಾನಕ ಬ್ಯೂರೋ ಐಎಸ್ 10500ಕ್ಕೆ ಕನಿಷ್ಠ ಪಿಎಫ್‌ಒಎ ಮತ್ತು ಅದೇ ಗುಂಪಿನ ಇನ್ನೊಂದು ರಾಸಾಯನಿಕವಾದ ಪಿಎಫ್‌ಒಎಸ್‌ಗಳ ಮಿತಿಯನ್ನಾದರೂ ಕೂಡಲೇ ಸೇರಿಸಬೇಕು. ಗ್ರಾಮಗಳಿಗೆ ಕೊಟ್ಟಿರುವ ನೀರು ಪರೀಕ್ಷಾ ಕಿಟ್‌ಗಳಲ್ಲಿ ಇಷ್ಟು ಸೂಕ್ಷ್ಮ ಪ್ರಮಾಣ ಪತ್ತೆಯಾಗುವುದಿಲ್ಲವಾದ್ದರಿಂದ, ರಾಜ್ಯ ಸರ್ಕಾರವು ದುಬಾರಿ ಉಪಕರಣಗಳಿರುವ ಒಂದೆರಡು ಪ್ರಯೋಗಾಲಯಗಳನ್ನು ಇದಕ್ಕಾಗಿಯೇ ಗೊತ್ತುಮಾಡಿ, ವಿಮಾನ ನಿಲ್ದಾಣ, ಲೋಹಲೇಪನ ಘಟಕ ಮತ್ತು ಜವಳಿ ಸಂಸ್ಕರಣಾ ಘಟಕಗಳ ಸುತ್ತಲಿನ ಕೊಳವೆಬಾವಿಗಳನ್ನೂ ಕೆ.ಸಿ. ವ್ಯಾಲಿ ನೀರು ತುಂಬುವ ಕೆರೆಗಳನ್ನೂ ಮೊದಲು ಪರೀಕ್ಷಿಸಲಿ. ಫಲಿತಾಂಶ ಏನೇ ಬರಲಿ, ಅದನ್ನು ಆಯಾ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಪ್ರಕಟಿಸಲಿ.

ಇಂತಿ,
ಓರ್ವ ಓದುಗ, ಕೋಲಾರ