ಗುಲ್ಮಾರ್ಗ್ ಸ್ಕೀ ಗುಂಪಿಗೆ: ಗಾಳಿ ಬೀಸಿದ ಮರುದಿನ

ಹೊಸ ಹಿಮ ಬೀಳಬೇಕೆಂದೇನಿಲ್ಲ, ಅಫರ್ವತ್ ಬೆಟ್ಟದ ಏಣಿನ ಗಾಳಿಮರೆಯ ಬದಿಯಲ್ಲಿ ಗಾಳಿಯೊಂದೇ ಕೆಲವು ಗಂಟೆಗಳಲ್ಲಿ ಹಿಮದ ಗಟ್ಟಿ ಹಲಗೆ ಕೂರಿಸುತ್ತದೆ; ಅದು ಒಡೆದು ಜಾರಿದರೆ ಹಿಮಕುಸಿತ. ಪಶ್ಚಿಮದ ಗಾಳಿಯಾದರೆ ಪೂರ್ವದ ಇಳಿಜಾರಿನ ಮೇಲೆ ಅನುಮಾನವಿರಲಿ. ಏಣಿನಂಚಿನ ಹಿಮದ ಚಾಚು ಎತ್ತ ಬಾಗಿದೆ ನೋಡಿ. ಹೊರೆ ಬಿದ್ದಿರುವುದು ಅದರ ಕೆಳಗೇ.

ಸ್ಕೀ ಅಡಿಯಲ್ಲಿ ಟೊಳ್ಳು ಸದ್ದು ಬಂದರೆ ಅಥವಾ ಮುಂದಕ್ಕೆ ಬಿರುಕು ಓಡಿದರೆ 30 ಡಿಗ್ರಿಗಿಂತ ಕಡಿದಾದ ಜಾಗವನ್ನು ಅಂದಿಗೆ ಬಿಟ್ಟುಬಿಡಿ.

ಪರೀಕ್ಷೆಗೆ 30×30 ಸೆಂ.ಮೀ. ಹಿಮದ ಕಂಬ ಕಡಿದು, ಮೇಲೆ ಸಲಿಕೆಯಿಟ್ಟು ಮಣಿಕಟ್ಟು, ಮೊಣಕೈ, ಭುಜದಿಂದ ಹತ್ತತ್ತು ಸಲ ತಟ್ಟಿ. ಮೊದಲ ಹತ್ತರಲ್ಲೇ ಪದರ ಜಾರಿದರೆ ವಾಪಸ್. ಜಾರಲಿಲ್ಲವೆಂದು ನಂಬಬೇಡಿ: ಹಲಗೆಯ ದಪ್ಪ ನಾಲ್ಕು ಹೆಜ್ಜೆಗೇ ಬದಲಾಗುತ್ತದೆ, ತೆಳುವಾದ ಕಡೆ ಕಾಲಿಟ್ಟಾಗಲೇ ಅದು ಸುಲಭವಾಗಿ ಒಡೆಯುವುದು.

ಇಳಿಯುವುದು ಒಬ್ಬೊಬ್ಬರೇ. ಬೀಕನ್‌ನಿಂದ (ಹಿಮದಡಿ ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ) ಫೋನು 20 ಸೆಂ.ಮೀ. ದೂರವಿರಲಿ, ಹೂತವರನ್ನು ಹುಡುಕುವಾಗ 50.